ಆಂಟಿಸೈಕೋಟಿಕ್ ಮಾತ್ರೆ ನಡೆಯುತ್ತಿರುವ ಮನೆಗಳಿಗೆ: ಎಡವಟ್ಟು ಎಲ್ಲಿ ಆಗುತ್ತದೆ, ಏನು ನೋಡಿಕೊಳ್ಳಬೇಕು (ಮುಂಬೈ, ಪುಣೆ, ಗೋವಾ)

ಮಾಟುಂಗಾ_ಫಾರ್ಮಸಿ

ಮಳೆಗಾಲ ಬಂತು, ಜ್ವರವೂ ಬಂತು. ಮನೋವೈದ್ಯರ ಚೀಟಿ ಒಂದು ಕೈಯಲ್ಲಿ, ಫ್ಯಾಮಿಲಿ ಡಾಕ್ಟರ ಚೀಟಿ ಇನ್ನೊಂದು ಕೈಯಲ್ಲಿ ಹಿಡಿದು ಮೆಡಿಕಲ್‌ಗೆ ಬರುವವರು ಹೆಚ್ಚಾಗುವ ಕಾಲ. ಅದಕ್ಕೇ ಆಂಟಿಸೈಕೋಟಿಕ್, ಅಂದರೆ ಧ್ವನಿ ಕೇಳಿಸುವುದು, ಸಂಶಯದಂಥ ಮನೋರೋಗಕ್ಕೆ ಕೊಡುವ ಮಾತ್ರೆಗಳ ಬಗ್ಗೆ ಈ ಚರ್ಚೆ. ಡೋಸ್ ಎಷ್ಟಿರಬೇಕು ಎಂಬ ಪ್ರಶ್ನೆ ಇಲ್ಲಿ ಬೇಡ, ಅದು ನೋಡುತ್ತಿರುವ ಡಾಕ್ಟರಿಗೆ ಬಿಟ್ಟದ್ದು. ಮನೆಯವರ ಕೈಯಲ್ಲಿ ಇರುವುದನ್ನಷ್ಟೇ ಮಾತಾಡೋಣ.

ದಿನವೂ ಒಂದೇ ಹೊತ್ತಿಗೆ, ಒಂದೇ ಪ್ರಮಾಣದಲ್ಲಿ ಹೋಗುತ್ತಿರುವ ಮಾತ್ರೆ ಸಾಮಾನ್ಯವಾಗಿ ದಿಢೀರನೆ ತೊಂದರೆ ಕೊಡುವುದಿಲ್ಲ. ಅದರ ಸುತ್ತ ಏನಾದರೂ ಬದಲಾದ ವಾರ ಕಷ್ಟದ್ದು. ಎರಡು ದಿನ ಮಾತ್ರೆ ತಪ್ಪಿತು, ಸಿಗರೇಟು ಬಿಟ್ಟರು, ಜ್ವರ ಬಂತು, ಬೇರೆ ಡಾಕ್ಟರು ಬೇರೆ ಮಾತ್ರೆ ಬರೆದರು, ಅಂಗಡಿಯವರು ಬ್ರ್ಯಾಂಡ್ ಬದಲಿಸಿದರು.

ಅಂಗಡಿ ಕಡೆಯಿಂದ ಶುರು ಮಾಡುತ್ತೇನೆ. ಸ್ಟ್ರಿಪ್ಪಿನ ಮೇಲಿನ ದೊಡ್ಡ ಹೆಸರು ಬಿಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಮತ್ತು ಮಿಲಿಗ್ರಾಂ ಓದಿ. ಬ್ರ್ಯಾಂಡ್ ಬದಲಾದರೂ ಆ ಎರಡು ಹಾಗೇ ಇರಬೇಕು. ಕೊನೆಯಲ್ಲಿ ‘ಪ್ಲಸ್’ ಎಂದಿದ್ದರೆ ಅದು ಬಹಳ ಸಲ ಜೋಡಿ ಮಾತ್ರೆ: ರಿಸ್ಪೆರಿಡೋನ್ ಎಂಬ ಆಂಟಿಸೈಕೋಟಿಕ್ ಜೊತೆಗೆ, ಅದರಿಂದ ಬರುವ ನಡುಕ, ಬಿಗಿತ ತಡೆಯುವ 2 ಮಿ.ಗ್ರಾಂ ಟ್ರೈಹೆಕ್ಸಿಫೆನಿಡಿಲ್. ಸ್ಟಾಕ್ ಇಲ್ಲವೆಂದು ಸಾದಾ ಬದಲು ಪ್ಲಸ್ ಕೊಟ್ಟರೆ ಬಾಯಿ ಒಣಗುವುದು, ಮಲಬದ್ಧತೆ, ಹಿರಿಯರಲ್ಲಿ ಮರೆವು ಶುರು. ಪ್ಲಸ್ ಬದಲು ಸಾದಾ ಕೊಟ್ಟರೆ ಕೆಲವರಿಗೆ ಕೆಲವೇ ದಿನದಲ್ಲಿ ಕೈ ನಡುಕ, ಬಿಗಿತ. ‘ಎಸ್‌ಆರ್’, ‘ಎಕ್ಸ್‌ಆರ್’ ಎಂದು ಬರೆದ ಕ್ವೆಟಿಯಾಪಿನ್ ಮಾತ್ರೆಯನ್ನು ಮುರಿಯಬಾರದು, ಅಗಿಯಬಾರದು. ಇಡೀ ರಾತ್ರಿಗೆ ಹಂಚಬೇಕಾದ ಔಷಧ ಒಂದೇ ಸಲ ಇಳಿದು ಬಿಪಿ ಕುಸಿಯುತ್ತದೆ. ‘ಎಂಡಿ’ ಎಂಬುದು ಬಾಯಲ್ಲಿ ಕರಗುವ ಮಾತ್ರೆ. ಒಣಗಿದ ಕೈಯಿಂದ ಹಿಂದಿನ ಹಾಳೆ ಸುಲಿದು ತೆಗೆಯಿರಿ, ಹೆಬ್ಬೆರಳಿಂದ ಒತ್ತಿದರೆ ಪುಡಿಯಾಗುತ್ತದೆ. ಇದು ಹೆಚ್ಚು ಪವರ್‌ಫುಲ್ಲೂ ಅಲ್ಲ, ಬೇಗ ಕೆಲಸ ಮಾಡುವುದೂ ಅಲ್ಲ. ನುಂಗದೆ ಕೆನ್ನೆಯಲ್ಲಿ ಇಟ್ಟುಕೊಂಡು ಉಗಿಯುವವರಿಗೆ ಅನುಕೂಲ, ಅಷ್ಟೇ.

ಹೆಸರಿನ ಗೊಂದಲವೂ ಉಂಟು. ರಿಸ್ಪೆರಿಡೋನ್ ಮತ್ತು ರೋಪಿನಿರೋಲ್ ಅದಲುಬದಲಾಗುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿತ್ತು. ಎರಡನೆಯದು ಪಾರ್ಕಿನ್ಸನ್ ಔಷಧ. ಒಂದು ಡೋಪಮಿನ್ (ಮೆದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕ) ಕೆಲಸವನ್ನು ತಡೆಯುತ್ತದೆ, ಇನ್ನೊಂದು ಡೋಪಮಿನ್‌ನಂತೆಯೇ ಕೆಲಸ ಮಾಡುತ್ತದೆ. ಕೈಬರಹದ ಚೀಟಿಯಾದರೆ ಕೌಂಟರಿನಲ್ಲೇ ನಿಂತು ಹಳೇ ಸ್ಟ್ರಿಪ್ಪಿನ ಜೊತೆ ತಾಳೆ ನೋಡಿ.

ಡೊಂಬಿವಿಲಿ_ಅಕ್ಕ

ಒಳ್ಳೆ ಚರ್ಚೆ ಸರ್. ಗ್ಯಾಸ್, ಆಸಿಡಿಟಿ ಮಾತ್ರೆ ಜೊತೆ ಏನಾದರೂ ತೊಂದರೆ ಇದೆಯಾ? ರಾತ್ರಿ ಊಟ ಹತ್ತು ಗಂಟೆಗೆ, ಗ್ಯಾಸಿನ ಮಾತ್ರೆ ಎಲ್ಲರ ಮನೆಯಲ್ಲೂ ಇರುತ್ತದೆ.

ಮಾಟುಂಗಾ_ಫಾರ್ಮಸಿ

ಅಕ್ಕಾ, ಸಾದಾ ಪ್ಯಾಂಟೊಪ್ರಜೋಲ್ ಆದರೆ ಚಿಂತೆ ಇಲ್ಲ. ಆದರೆ ನಮ್ಮಲ್ಲಿ ಧಾರಾಳವಾಗಿ ಬರೆಯುವ ಒಂದು ಕ್ಯಾಪ್ಸೂಲ್ ಇದೆ: ರಾಬೆಪ್ರಜೋಲ್ 20 ಮಿ.ಗ್ರಾಂ ಜೊತೆ ಲೆವೊಸಲ್ಪಿರೈಡ್ 75 ಮಿ.ಗ್ರಾಂ. ಈ ಲೆವೊಸಲ್ಪಿರೈಡ್ ಅಮಿಸಲ್ಪ್ರೈಡ್ ಎಂಬ ಆಂಟಿಸೈಕೋಟಿಕ್‌ನ ದಾಯಾದಿ, ಇದೂ ಡೋಪಮಿನ್ ತಡೆಯುವುದೇ. ಹೊಟ್ಟೆಯ ಮಾತ್ರೆ ಎಂದುಕೊಂಡು ತಿಂಗಳುಗಟ್ಟಲೆ ನುಂಗಿದ ಹಿರಿಯರಿಗೆ ಕೈ ನಡುಕ, ಹೆಜ್ಜೆ ಎಳೆದು ನಡೆಯುವುದು, ಮುಖ ಕಲ್ಲಿನಂತಾಗುವುದು ಬರುತ್ತದೆ. ಪಾರ್ಕಿನ್ಸನ್ ಎಂದು ಅದಕ್ಕೆ ಮತ್ತೊಂದು ಔಷಧ ಶುರುವಾಗುತ್ತದೆ. ಹೆಂಗಸರಲ್ಲಿ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಏರಿ ಮುಟ್ಟು ನಿಲ್ಲುತ್ತದೆ. ಈಗಾಗಲೇ ರಿಸ್ಪೆರಿಡೋನ್ ತೆಗೆದುಕೊಳ್ಳುವವರಿಗೆ ಇದನ್ನೂ ಕೊಟ್ಟರೆ ಎರಡು ಆಂಟಿಸೈಕೋಟಿಕ್ ಕೊಟ್ಟ ಹಾಗೆ.

ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್ ಇವೂ ಅದೇ ಸಾಲಿನವು. ಡಾಕ್ಟರಿಗೆ ‘ತಲೆಯ ಮಾತ್ರೆ ನಡೀತಿದೆ’ ಎಂದಷ್ಟೇ ಹೇಳಿದರೆ ಸಾಲದು, ಸ್ಟ್ರಿಪ್ ತೋರಿಸಿ.

ಹೃದಯದ ಲಯದ ವಿಷಯವೂ ಇಲ್ಲೇ ಬರುತ್ತದೆ. ಹ್ಯಾಲೊಪೆರಿಡಾಲ್, ಜಿಪ್ರಾಸಿಡೋನ್ ಇಸಿಜಿಯಲ್ಲಿ ಕ್ಯುಟಿ ಅಂತರವನ್ನು (ಪ್ರತಿ ಬಡಿತದ ಬಳಿಕ ಹೃದಯ ಮತ್ತೆ ಸಿದ್ಧವಾಗುವ ಹೊತ್ತನ್ನು) ಹಿಗ್ಗಿಸುತ್ತವೆ. ಅದರ ಮೇಲೆ ಅಜಿಥ್ರೊಮೈಸಿನ್, ಒಂಡಾನ್ಸೆಟ್ರಾನ್, ಡಾಂಪೆರಿಡೋನ್, ಫ್ಲುಕೊನಜೋಲ್ ಸೇರಿದರೆ ಇನ್ನಷ್ಟು. ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದಿದ್ದರೆ ಕಥೆ ಮುಗಿಯಿತು. ಎದೆ ಬಡಿತ ತಪ್ಪುವುದು, ಕಣ್ಣು ಕತ್ತಲಿಟ್ಟು ಬೀಳುವುದು ಕಂಡರೆ ಅಂದೇ ಇಸಿಜಿ.

ಥಾಣೆ_ಲ್ಯಾಬ್

ಕ್ಲೋಜಪಿನ್ ಎಂಬ ಆಂಟಿಸೈಕೋಟಿಕ್ ಬಗ್ಗೆ ನಾನು ಬರೆಯುತ್ತೇನೆ. ರಕ್ತದ ವರದಿ ಹಿಡಿದುಕೊಂಡು ‘ನಾರ್ಮಲ್ಲಾ?’ ಎಂದು ಕೇಳುವವರೇ ಹೆಚ್ಚು, ಯಾವ ಅಂಕಿ ನೋಡಬೇಕೆಂದು ಗೊತ್ತಿರುವವರು ಕಡಿಮೆ.

ಈ ಔಷಧ ಕೆಲವೇ ಕೆಲವರಲ್ಲಿ ಬಿಳಿರಕ್ತಕಣದ ಒಂದು ಬಗೆಯನ್ನು, ನ್ಯೂಟ್ರೊಫಿಲ್ ಎನ್ನುವುದನ್ನು, ಅಳಿಸಿಹಾಕುತ್ತದೆ. 1975ರಲ್ಲಿ ಫಿನ್‌ಲ್ಯಾಂಡಿನಲ್ಲಿ ಹೀಗೆ ಸಾವುಗಳಾಗಿ ಔಷಧವೇ ಮೂಲೆಗೆ ಬಿತ್ತು. ಬೇರೆ ಯಾವುದಕ್ಕೂ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಇದು ಒಗ್ಗುತ್ತದೆ ಎಂದು 1988ರ ಅಧ್ಯಯನ ತೋರಿಸಿದ ಮೇಲೆ, ರಕ್ತ ಪರೀಕ್ಷೆಯ ಷರತ್ತಿನೊಂದಿಗೆ ಅಮೆರಿಕದಲ್ಲಿ ಬಳಕೆಗೆ ಬಂತು.

ನೋಡಬೇಕಾದದ್ದು ಎಎನ್‌ಸಿ, ಅಂದರೆ ನ್ಯೂಟ್ರೊಫಿಲ್‌ಗಳ ಎಣಿಕೆ. ವರದಿಯಲ್ಲಿ ಬರೆದಿಲ್ಲದಿದ್ದರೆ ನೀವೇ ತೆಗೆಯಬಹುದು: ಒಟ್ಟು ಬಿಳಿಕಣವನ್ನು ನ್ಯೂಟ್ರೊಫಿಲ್ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿ. ಒಟ್ಟು 5,200, ನ್ಯೂಟ್ರೊಫಿಲ್ 48 ಶೇಕಡಾ ಇದ್ದರೆ 2,496. ಇದು ಸರಿ. 1,500ಕ್ಕಿಂತ ಇಳಿದರೆ ಅಂದೇ ಮನೋವೈದ್ಯರಿಗೆ ಫೋನ್ ಮಾಡಿ. ಬ್ರಿಟನ್ನಿನ ಪದ್ಧತಿಯಲ್ಲಿ 1,500ಕ್ಕೇ ಔಷಧ ನಿಲ್ಲಿಸುತ್ತಾರೆ, ಅಮೆರಿಕದವರು ಸಾಮಾನ್ಯವಾಗಿ 1,000ಕ್ಕೆ ನಿಲ್ಲಿಸುತ್ತಾರೆ. ನಿಮ್ಮ ಡಾಕ್ಟರು ಯಾವುದನ್ನು ಪಾಲಿಸುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. 500ಕ್ಕಿಂತ ಕೆಳಗೆ ಹೋದರೆ ತುರ್ತು.

ಪರೀಕ್ಷೆ ಎಷ್ಟು ಸಲ? ಬ್ರಿಟನ್ ಲೆಕ್ಕ ಮೊದಲ 18 ವಾರ ವಾರಕ್ಕೊಮ್ಮೆ, ಒಂದು ವರ್ಷದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಅಮೆರಿಕದ ಲೆಕ್ಕ ಆರು ತಿಂಗಳು ವಾರಕ್ಕೊಮ್ಮೆ, ಮುಂದಿನ ಆರು ತಿಂಗಳು ಎರಡು ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ. ಎಫ್‌ಡಿಎ 2025ರಲ್ಲಿ ಕಡ್ಡಾಯ ನೋಂದಣಿ ವ್ಯವಸ್ಥೆ ಕೈಬಿಟ್ಟಿದೆ, ಅದನ್ನು ‘ಪರೀಕ್ಷೆಯೇ ಬೇಡವಂತೆ’ ಎಂದು ವಾಟ್ಸಾಪಿನಲ್ಲಿ ಹಂಚುತ್ತಿದ್ದಾರೆ. ತಪ್ಪು. ಪರೀಕ್ಷೆಯ ಸಲಹೆ ಹಾಗೇ ಇದೆ.

‘ಸಿಬಿಸಿ ವಿತ್ ಡಿಫರೆನ್ಷಿಯಲ್’ (ರಕ್ತಕಣಗಳ ಪೂರ್ತಿ ಎಣಿಕೆ, ಬಿಳಿಕಣದ ಬಗೆಗಳ ಸಮೇತ) ಎಂದೇ ಕೇಳಿ. ಬರೀ ಹಿಮೋಗ್ಲೋಬಿನ್ ಮಾಡಿಸಿ ಬಂದರೆ ದುಡ್ಡು ದಂಡ. ಕೆಲವರಲ್ಲಿ ಬೆಳಗ್ಗೆ ಎಣಿಕೆ ಕಡಿಮೆ ಇದ್ದು ಮಧ್ಯಾಹ್ನ ಏರುತ್ತದೆ; ಅಂಚಿನಲ್ಲಿ ಬಂದರೆ ಮಧ್ಯಾಹ್ನದ ಮೇಲೆ ಮತ್ತೊಂದು ಸಲ ಮಾಡಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಕ್ಲೋಜಪಿನ್ ಮಟ್ಟ ನೋಡುವ ರಕ್ತವನ್ನು ಕೊನೆಯ ಡೋಸಿನ 12 ಗಂಟೆ ನಂತರ ತೆಗೆಯಬೇಕು. ರಾತ್ರಿ 10ಕ್ಕೆ ನುಂಗಿದ್ದರೆ ಬೆಳಗ್ಗೆ 10ಕ್ಕೆ ಬನ್ನಿ, ಬೆಳಗಿನ ಡೋಸ್ ರಕ್ತ ಕೊಟ್ಟ ಮೇಲೆ.

ಈಗ ಮಳೆಗಾಲದ ಮಾತು. ಮುಂಬೈಯಲ್ಲಿ ಜೂನ್ ಕಳೆದ ಮೇಲೆ ಜ್ವರ ಎಂದರೆ ಎಲ್ಲರೂ ಡೆಂಗ್ಯೂ, ಮಲೇರಿಯಾ ಎನ್ನುತ್ತಾರೆ. ಡೆಂಗ್ಯೂನಲ್ಲೂ ಬಿಳಿಕಣ ಇಳಿಯುತ್ತದೆ. ಹಾಗಾಗಿ ಕ್ಲೋಜಪಿನ್ ತೆಗೆದುಕೊಳ್ಳುವವರ ವರದಿಯಲ್ಲಿ ಎಣಿಕೆ ಕಡಿಮೆ ಬಂದರೆ ‘ಡೆಂಗ್ಯೂ ಇರಬೇಕು, ಪ್ಲೇಟ್‌ಲೆಟ್ ನೋಡೋಣ’ ಎಂದು ಸುಮ್ಮನಾಗುವ ಸಾಧ್ಯತೆ ಇದೆ. ಜ್ವರ, ಗಂಟಲು ನೋವು, ಬಾಯಿ ಹುಣ್ಣು ಯಾವುದೇ ಬಂದರೂ ಅಂದೇ ಸಿಬಿಸಿ ಮಾಡಿಸಿ, ಫಾರಂ ಮೇಲೆ ‘ಕ್ಲೋಜಪಿನ್’ ಎಂದು ಬರೆಸಿ.

ಪುಣೆ_ಮನೋವೈದ್ಯ

ಲ್ಯಾಬ್‌ನವರ ಮಾತಿಗೆ ಎರಡು ಸೇರಿಸುತ್ತೇನೆ. ಮೊದಲ ಎಂಟು ವಾರದಲ್ಲಿ ಜ್ವರದ ಜೊತೆ ಎದೆನೋವು, ಉಬ್ಬಸ, ಕೂತಲ್ಲೇ ನಾಡಿ ಓಟ ಇದ್ದರೆ ಹೃದಯದ ಸ್ನಾಯುವಿನ ಉರಿಯೂತ ಆಗಿರಬಹುದು. ಟ್ರೊಪೊನಿನ್, ಸಿಆರ್‌ಪಿ, ಇಸಿಜಿ ಅಂದೇ ಆಗಬೇಕು. ಇನ್ನೊಂದು, ಸೋಂಕು ಜೋರಾದಾಗ ಲಿವರ್ ಕ್ಲೋಜಪಿನ್ ಅನ್ನು ಒಡೆಯುವ ವೇಗ ಇಳಿದು, ಅದೇ ಡೋಸಿಗೇ ರಕ್ತದಲ್ಲಿ ಮಟ್ಟ ಏರುತ್ತದೆ. ಜ್ವರದಲ್ಲಿ ಮಂಪರು, ಜೊಲ್ಲು, ಕೈಕಾಲು ಎಗರುವುದು ಹೆಚ್ಚಾದರೆ ‘ಜ್ವರದ ಸುಸ್ತು’ ಎಂದು ಬಿಡಬೇಡಿ. ಅತಿಸಾರ, ಮೂತ್ರದ ಸೋಂಕಿಗೆ ಬರೆಯುವ ಸಿಪ್ರೊಫ್ಲಾಕ್ಸಾಸಿನ್ ಕೂಡ ಮಟ್ಟವನ್ನು ಏರಿಸುತ್ತದೆ. ಬೇರೆ ಆಂಟಿಬಯಾಟಿಕ್ ಕೇಳಿ.

ಮಲಬದ್ಧತೆಯ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾಚಿಕೆ. ಎಎನ್‌ಸಿ ಬಗ್ಗೆ ಎಲ್ಲರೂ ಹೆದರುತ್ತಾರೆ, ಕರುಳು ನಿಂತು ಸತ್ತವರ ಕಡೆ ಗಮನ ಹೋಗುವುದಿಲ್ಲ. ಕ್ಲೋಜಪಿನ್ ಇಡೀ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ಕ್ಯಾಲೆಂಡರ್ ಮೇಲೆ ದಿನವೂ ಒಂದು ಗುರುತು ಹಾಕಿ. ಮೂರು ದಿನ ಗುರುತು ಇಲ್ಲದಿದ್ದರೆ ಫೋನ್ ಮಾಡಿ. ಹೊಟ್ಟೆ ಉಬ್ಬಿ ನೋವು, ವಾಂತಿ ಇದ್ದರೆ ನೇರ ಆಸ್ಪತ್ರೆ. ಮನೆಮದ್ದೆಂದು ಇಸಬ್ಗೋಲ್ ಸುರಿಯಬೇಡಿ, ಚಲಿಸದ ಕರುಳಿನಲ್ಲಿ ಅದು ಗಾತ್ರ ಹೆಚ್ಚಿಸುತ್ತದೆಯೇ ಹೊರತು ತಳ್ಳುವುದಿಲ್ಲ. ಕರುಳನ್ನು ಪ್ರಚೋದಿಸುವ, ಮಲ ಮೆದು ಮಾಡುವ ಔಷಧವನ್ನು ಡಾಕ್ಟರೇ ಮೊದಲಿಂದ ಬರೆಯಬಹುದು. ಇದರ ಮೇಲೆ ಟ್ರೈಹೆಕ್ಸಿಫೆನಿಡಿಲ್ ಸೇರಿಸಿದ್ದರೆ ಇನ್ನೂ ಕೆಟ್ಟದ್ದು, ಅದು ನಿಜವಾಗಿ ಬೇಕೇ ಎಂದು ಕೇಳಿ.

ಭಾಂಡುಪ್_ಹುಡುಗ

ಡಾಕ್ಟ್ರೇ, ಸಿಗರೇಟಿಗೂ ಮಾತ್ರೆಗೂ ಸಂಬಂಧ ಇದೆ ಅಂತಾರೆ. ನಮ್ಮ ಕಡೆ ಅಯ್ಯಪ್ಪ ಮಾಲೆ ಹಾಕುವವರು 41 ದಿನ ಸೇದುವುದಿಲ್ಲ. ಅದು ಒಳ್ಳೆಯದೇ ಅಲ್ಲವಾ?

ಪುಣೆ_ಮನೋವೈದ್ಯ

ಬಿಡುವುದು ಒಳ್ಳೆಯದೇ, ಹೇಳದೆ ಬಿಡುವುದು ಅಪಾಯ. ಹೊಗೆಯಲ್ಲಿರುವ ಟಾರಿನ ರಾಸಾಯನಿಕಗಳು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ, ಕ್ಲೋಜಪಿನ್ ಮತ್ತು ಒಲಾಂಜಪಿನ್ ಬೇಗ ಕರಗಿಹೋಗುತ್ತವೆ. ಸೇದುವುದು ನಿಂತರೆ ಸುಮಾರು ವಾರದೊಳಗೆ ಆ ಚುರುಕು ಇಳಿದು, ಕ್ಲೋಜಪಿನ್ ಮಟ್ಟ ಒಂದೂವರೆ ಪಟ್ಟು, ಕೆಲವರಲ್ಲಿ ಅದಕ್ಕೂ ಮಿಗಿಲು ಏರಬಹುದು. ಫಿಟ್ಸ್ ಬರುವ ಸಾಧ್ಯತೆ ಉಂಟು. ಬೀಡಿಗೂ ಇದೇ ಲೆಕ್ಕ. ಗುಟ್ಕಾ, ಮಿಶ್ರಿ, ತಂಬಾಕು ಜಗಿಯುವುದರಿಂದ ಈ ಪರಿಣಾಮ ಇಲ್ಲ (ಬಾಯಿಯ ಕ್ಯಾನ್ಸರ್ ಬೇರೆ ಮಾತು), ನಿಕೋಟಿನ್ ಗಮ್, ಪ್ಯಾಚಿನಿಂದಲೂ ಇಲ್ಲ. ಅಂದರೆ ಸಿಗರೇಟು ಬಿಟ್ಟು ಗಮ್ ಜಗಿದರೂ ಔಷಧದ ಮಟ್ಟ ಏರಿಯೇ ಏರುತ್ತದೆ.

ಮಾಲೆ ಹಾಕುವ, ಶ್ರಾವಣ ಹಿಡಿಯುವ ಎರಡು ವಾರ ಮೊದಲೇ ಡಾಕ್ಟರಿಗೆ ತಿಳಿಸಿ, ಡೋಸ್ ಹಂತಹಂತವಾಗಿ ಇಳಿಸಿ ರಕ್ತ ನೋಡುತ್ತಾರೆ. ವ್ರತ ಮುಗಿದು ಮತ್ತೆ ಸೇದಲು ಶುರು ಮಾಡಿದರೆ ಉಲ್ಟಾ ಆಗುತ್ತದೆ: ಮಟ್ಟ ಕುಸಿದು ಧ್ವನಿ ಕೇಳಿಸುವುದು ಮರಳಬಹುದು. ಸಿಗರೇಟು ನಿಷಿದ್ಧವಾದ ವಾರ್ಡಿನಲ್ಲಿ ಡೋಸ್ ಹೊಂದಿಸಿ ಡಿಸ್‌ಚಾರ್ಜ್ ಆದವರಿಗೂ ಇದೇ ಕಾರಣಕ್ಕೆ ಮನೆಗೆ ಬಂದ ಮೇಲೆ ಕಾಯಿಲೆ ಕೆದರುವುದುಂಟು.

ಉಪವಾಸದವರಿಗೆ ಇನ್ನೊಂದು. ಲುರಾಸಿಡೋನ್ ಕನಿಷ್ಠ 350 ಕ್ಯಾಲೊರಿ ಊಟದ ಜೊತೆ, ಜಿಪ್ರಾಸಿಡೋನ್ ಸುಮಾರು 500 ಕ್ಯಾಲೊರಿ ಜೊತೆ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅರ್ಧದಷ್ಟೂ ಮೈಗೆ ಸೇರದೆ ಹೋಗಬಹುದು. ಏಕಾದಶಿಯ ಹಾಲು-ಬಾಳೆಹಣ್ಣು ಸಾಲದು, ಸಾಬುದಾಣೆ ಖಿಚಡಿ ಒಂದು ತಟ್ಟೆ ನಡೆದೀತು.

ವಾಸ್ಕೋ_ಮಂದಿ

ನಮಸ್ಕಾರ್ರಿ. ಬೈನಾ, ಝುವಾರಿನಗರ ಕಡೆ ನಮ್ಮ ವಿಜಾಪುರ, ಗದಗ, ಹಾವೇರಿ ಮಂದಿ ಭಾಳ ಅದಾರ್ರಿ, ಎಲ್ಲಾ ದಿನಗೂಲಿ. ಮಾತ್ರೆ ದಿನಾ ನುಂಗೂದು ಆಗಂಗಿಲ್ಲ ಅಂತ ಇಂಜೆಕ್ಷನ್ ಹಾಕಸ್ತಾರ. ಎರಡು ಪ್ರಶ್ನೆ ಅದಾವು. ಇಂಜೆಕ್ಷನ್ ಮ್ಯಾಲೆ ಬಿಸಿಲಾಗ ಕೆಲಸ ಮಾಡಬಹುದೇನ್ರಿ? ಜಾತ್ರಿಗೆ ಊರಿಗೆ ಹ್ವಾದ್ರ ತಾರೀಖು ತಪ್ಪತೈತಿ, ಆವಾಗ ಏನ್ ಮಾಡಬೇಕ್ರಿ?

ಕೋಥ್ರೂಡ್_ಸಿಸ್ಟರ್

ಮೊದಲು ತಾರೀಖು ಅಣ್ಣಾ. ಫ್ಲುಫೆನಜಿನ್ ಡೆಕನೊಯೇಟ್ ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ, ಹ್ಯಾಲೊಪೆರಿಡಾಲ್ ಡೆಕನೊಯೇಟ್ 4 ವಾರಕ್ಕೊಮ್ಮೆ. ಇವು ಎಣ್ಣೆಯಲ್ಲಿ ಇರುವಂಥವು, ಸ್ನಾಯುವಿನಿಂದ ನಿಧಾನ ಇಳಿಯುತ್ತವೆ. ಹಾಗಾಗಿ ನಾಲ್ಕೈದು ದಿನ ತಡವಾದರೆ ಆಕಾಶ ಬೀಳುವುದಿಲ್ಲ, ಆದರೆ ‘ಚೆನ್ನಾಗಿದ್ದೇನಲ್ಲ’ ಎಂದು ಎರಡು ತಿಂಗಳು ಬಿಟ್ಟರೆ ಕಾಯಿಲೆ ಸದ್ದಿಲ್ಲದೆ ಮರಳುತ್ತದೆ. ಪ್ಯಾಲಿಪೆರಿಡೋನ್ ತಿಂಗಳ ಇಂಜೆಕ್ಷನ್ನಿಗೆ ನಿಯಮ ಸ್ಪಷ್ಟ ಇದೆ: ತಾರೀಖಿಗೆ 7 ದಿನ ಹಿಂದೆ ಮುಂದೆ ಹಾಕಬಹುದು, ಅಂದರೆ ಊರಿಗೆ ಹೋಗುವ ಮೊದಲೇ ಹಾಕಿಸಿಕೊಂಡು ಹೋಗಬಹುದು. ಕೊನೆಯ ಇಂಜೆಕ್ಷನ್ನಿಂದ 6 ವಾರ ದಾಟಿದರೆ ಒಂದು ವಾರದ ಅಂತರದಲ್ಲಿ ಎರಡು ಹಾಕಬೇಕಾಗುತ್ತದೆ. 6 ತಿಂಗಳು ದಾಟಿದರೆ ಮೊದಲಿಂದ ಶುರು.

ಎಣ್ಣೆ ಇಂಜೆಕ್ಷನ್ನಿನ ಎಣ್ಣೆ ಎಳ್ಳೆಣ್ಣೆ. ಎಳ್ಳಿನ ಅಲರ್ಜಿ ಇದ್ದರೆ ಮೊದಲೇ ಹೇಳಿ. ಚುಚ್ಚಿದ ಜಾಗ ಉಜ್ಜಬಾರದು. ಮೊದಲ ಸಲ ಹಾಕುವ ಮುಂಚೆ ಅದೇ ಔಷಧವನ್ನು ಮಾತ್ರೆಯಲ್ಲಿ ಕೊಟ್ಟು ಒಗ್ಗುತ್ತದೋ ನೋಡಿರಬೇಕು, ಯಾಕೆಂದರೆ ಒಳಗೆ ಹೋದದ್ದನ್ನು ಹೊರಗೆ ತೆಗೆಯಲು ಆಗುವುದಿಲ್ಲ, ಅಡ್ಡಪರಿಣಾಮ ಬಂದರೆ ವಾರಗಟ್ಟಲೆ ಇರುತ್ತದೆ.

ಇನ್ನು ಬಿಸಿಲು. ಈ ಔಷಧಗಳು ಮೆದುಳಿನ ತಾಪ ನಿಯಂತ್ರಣವನ್ನು ಕೆಡಿಸುತ್ತವೆ, ಟ್ರೈಹೆಕ್ಸಿಫೆನಿಡಿಲ್ ಬೆವರನ್ನು ಕಡಿಮೆ ಮಾಡುತ್ತದೆ. ಗೋವಾದ ಏಪ್ರಿಲ್-ಮೇ ಸೆಖೆಯಲ್ಲಿ ಬೆವರದ ಮೈ ಎಂದರೆ ಒಳಗೇ ಕುದಿಯುತ್ತದೆ. ಮಧ್ಯಾಹ್ನ 12ರಿಂದ 4ರವರೆಗೆ ಸ್ಲ್ಯಾಬಿನ ಮೇಲೆ, ಡೆಕ್ಕಿನ ಮೇಲೆ ಕೆಲಸ ಬೇಡವೆಂದು ಮುಕಾದಮನಿಗೆ ಹೇಳಿ ನೆರಳಿನ ಕೆಲಸ ಕೇಳಿ. ಬಾಯಾರುವವರೆಗೆ ಕಾಯದೆ ನೀರು, ಮಜ್ಜಿಗೆ, ಓಆರ್‌ಎಸ್. ಲಿಥಿಯಂ (ಮೂಡ್ ಏರಿಳಿತದ ಔಷಧ) ಕೂಡ ನಡೆಯುತ್ತಿದ್ದರೆ ನೀರು ಕಡಿಮೆಯಾದಾಗ ಲಿಥಿಯಂ ವಿಷದ ಮಟ್ಟಕ್ಕೆ ಏರುತ್ತದೆ: ಕೈ ಒರಟಾಗಿ ನಡುಗುವುದು, ತೊದಲು, ವಾಂತಿ. ಕ್ಲೋರ್‌ಪ್ರೊಮಜಿನ್‌ನವರಿಗೆ ಬಿಸಿಲಿಗೆ ಚರ್ಮ ಸುಡುತ್ತದೆ, ತುಂಬುತೋಳು ಅಂಗಿ ಹಾಕಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಜ್ವರ, ಮೈ ಕೊರಡಿನಂತೆ ಬಿಗಿ, ಗೊಂದಲ, ವಿಪರೀತ ಬೆವರು, ಕಪ್ಪು ಚಹಾದ ಬಣ್ಣದ ಮೂತ್ರ. ಇವು ಒಟ್ಟಿಗೆ ಕಂಡರೆ ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಇರಬಹುದು. ಅಪರೂಪ, ಆದರೆ ಜೀವಕ್ಕೆ ಅಪಾಯ. ಡೋಸ್ ಬೇಗಬೇಗ ಏರಿಸಿದವರಲ್ಲಿ, ಇಂಜೆಕ್ಷನ್ ತೆಗೆದುಕೊಂಡವರಲ್ಲಿ, ನೀರು ಕಡಿಮೆಯಾದವರಲ್ಲಿ ಹೆಚ್ಚು. ಮುಂದಿನ ಮಾತ್ರೆ ಕೊಡಬೇಡಿ, 108ಕ್ಕೆ ಕರೆ ಮಾಡಿ. ವಾಸ್ಕೋದವರಾದರೆ ಬಾಂಬೋಳಿಯ ಜಿಎಂಸಿ (ಗೋವಾ ಮೆಡಿಕಲ್ ಕಾಲೇಜು). ‘ಸಿಪಿಕೆ ನೋಡಿ’ (ಸ್ನಾಯು ಹಾನಿ ತೋರಿಸುವ ರಕ್ತ ಪರೀಕ್ಷೆ) ಎಂದು ಕ್ಯಾಶುವಲ್ಟಿಯಲ್ಲಿ ನೀವೇ ಕೇಳಿದರೂ ತಪ್ಪಿಲ್ಲ. ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವುದು ದೊಡ್ಡ ತಪ್ಪು.

ವಾಸ್ಕೋ_ಮಂದಿ

ಸಿಸ್ಟರ್, ಕುತ್ತಿಗಿ ಒಂದ್ ಕಡೀ ತಿರಗಿ ಕಣ್ಣು ಮ್ಯಾಲೆ ಹೋಗ್ತಾವಲ್ರಿ, ಮಂದಿ ಮೈಮ್ಯಾಲೆ ದೇವರು ಬಂತು ಅಂತಾರ. ಅದೂ ಇದೇ ಏನ್ರಿ?

ಕೋಥ್ರೂಡ್_ಸಿಸ್ಟರ್

ಅಲ್ಲ, ಅದು ಡಿಸ್ಟೋನಿಯಾ, ಔಷಧದಿಂದ ಸ್ನಾಯು ಸೆಟೆದುಕೊಳ್ಳುವುದು. ನೋಡಲು ಭಯಂಕರ, ಆದರೆ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಹ್ಯಾಲೊಪೆರಿಡಾಲ್‌ನಂಥವು ಶುರುವಾದ, ಡೋಸ್ ಏರಿದ ಮೊದಲ ಕೆಲವು ದಿನದಲ್ಲಿ, ಅದರಲ್ಲೂ ಪ್ರಾಯದ ಹುಡುಗರಲ್ಲಿ ಹೆಚ್ಚು. ಗುಡಿಗೆ ಕರೆದೊಯ್ಯುವ ಮೊದಲು ಆಸ್ಪತ್ರೆಗೆ. ನಾಲಿಗೆ, ಗಂಟಲು ಬಿಗಿದು ಉಸಿರು ಕಟ್ಟಿದರೆ ನಿಮಿಷವೂ ತಡ ಮಾಡಬಾರದು.

ಪುಣೆ_ಮನೋವೈದ್ಯ

ಡಿಸ್ಟೋನಿಯಾ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಕಥಿಸಿಯಾ ಬೀಳುವುದಿಲ್ಲ. ಕೂತಲ್ಲಿ ಕೂರಲಾರರು, ಕಾಲು ಅಲ್ಲಾಡಿಸುತ್ತಲೇ ಇರುತ್ತಾರೆ, ಚಾಳಿನ ಪ್ಯಾಸೇಜಿನಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ಒಳಗೊಂದು ಸಂಕಟ. ಮನೆಯವರು ‘ಕಾಯಿಲೆ ಜೋರಾಗಿದೆ’ ಎನ್ನುತ್ತಾರೆ, ಡಾಕ್ಟರು ಅವಸರದಲ್ಲಿದ್ದರೆ ಡೋಸ್ ಏರಿಸುತ್ತಾರೆ, ಅದರಿಂದ ಇನ್ನೂ ಜೋರಾಗುತ್ತದೆ. ಆತ್ಮಹತ್ಯೆಯ ಯೋಚನೆಗೂ ದಾರಿ ಮಾಡುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ‘ಮನಸ್ಸಿಗೆ ಚಡಪಡಿಕೆಯಾ, ಕಾಲಿಗಾ?’ ಕಾಲಿಗೆ ಎಂದರೆ, ಅದೂ ಮಾತ್ರೆ ಬದಲಾದ ವಾರಗಳಲ್ಲಿ ಎಂದರೆ, ಡೋಸ್ ಇಳಿಸುವುದು ಅಥವಾ ಈ ಚಡಪಡಿಕೆಗೆ ಕೊಡುವ ಪ್ರೊಪ್ರನೊಲಾಲ್ ಬಗ್ಗೆ ಮಾತಾಡಬೇಕು. ಅಸ್ತಮಾ ಇದ್ದರೆ ಪ್ರೊಪ್ರನೊಲಾಲ್ ಆಗದು.

ವರ್ಷಗಳ ನಂತರ ಬರುವುದು ಟಾರ್ಡಿವ್ ಡಿಸ್ಕಿನೇಸಿಯಾ: ತುಟಿ ಚಪ್ಪರಿಸುವುದು, ನಾಲಿಗೆ ಹೊರಳುವುದು, ಬೆರಳು ಆಡುವುದು. ವೀಳ್ಯ ಜಗಿಯುತ್ತಿದ್ದಾರೆ ಎಂದುಕೊಳ್ಳಬೇಡಿ. ಟ್ರೈಹೆಕ್ಸಿಫೆನಿಡಿಲ್ ಇದಕ್ಕೆ ಮದ್ದಲ್ಲ, ಹೆಚ್ಚೇ ಮಾಡುತ್ತದೆ. ಆರು ತಿಂಗಳಿಗೊಮ್ಮೆ ಬಾಯಿ ತೆರೆಸಿ ನಾಲಿಗೆ ನೋಡಿ ಎಂದು ಡಾಕ್ಟರಿಗೆ ನೆನಪಿಸಿ, ಬೇಗ ಕಂಡರೆ ಮಾಡಲು ಏನಾದರೂ ಇರುತ್ತದೆ.

ಡೋಸ್ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬ ನಂಬಿಕೆಯೂ ಬೇಡ. ಮೆದುಳಿನಲ್ಲಿ ಡೋಪಮಿನ್ ಬಂದು ಕೂರುವ ಡಿ2 ಗ್ರಾಹಕಗಳಲ್ಲಿ ಸುಮಾರು 65 ಶೇಕಡಾವನ್ನು ಔಷಧ ತುಂಬಿದಾಗ ಪರಿಣಾಮ ಕಾಣುತ್ತದೆ, 80ರ ಹತ್ತಿರ ದಾಟಿದರೆ ಬಿಗಿತ, ನಡುಕವೇ ಹೆಚ್ಚುತ್ತದೆ.

ಭಾಂಡುಪ್_ಹುಡುಗ

ಹಾಗಾದ್ರೆ ಕಡಿಮೆ ಮಾಡಿ ನಿಲ್ಲಿಸುವುದು?

ಪುಣೆ_ಮನೋವೈದ್ಯ

ಅದೇ ಲೆಕ್ಕ ಇಲ್ಲೂ ಬರುತ್ತದೆ. ಡೋಸಿಗೂ ಗ್ರಾಹಕ ತುಂಬುವುದಕ್ಕೂ ನೇರ ಗೆರೆಯ ಸಂಬಂಧ ಇಲ್ಲ. ಒಲಾಂಜಪಿನ್ 20ರಿಂದ 15ಕ್ಕೆ ಇಳಿದಾಗ ಮೆದುಳಿಗೆ ಅಷ್ಟೇನೂ ಗೊತ್ತಾಗುವುದಿಲ್ಲ, 5ರಿಂದ ಸೊನ್ನೆಗೆ ಹೋದರೆ ಪ್ರಪಾತ. ಅದಕ್ಕೇ ಕೊನೆಯ ಮೆಟ್ಟಿಲುಗಳು ಚಿಕ್ಕದಾಗಿರಬೇಕು: 5, 3.75, 2.5, 1.25 ಹೀಗೆ, ನಡುವೆ ವಾರಗಳಲ್ಲ, ತಿಂಗಳುಗಳು. ಮೊದಲ ಸಲ ಕಾಯಿಲೆ ಬಂದವರಿಗೂ ಪೂರ್ತಿ ಗುಣವಾದ ಮೇಲೆ ಒಂದೆರಡು ವರ್ಷ ಮುಂದುವರಿಸಿ ಎನ್ನುವುದು ಸಾಮಾನ್ಯ ಸಲಹೆ. ಹಲವು ಸಲ ಮರುಕಳಿಸಿದವರಿಗೆ ಇನ್ನೂ ಉದ್ದ. ಥಟ್ಟನೆ ನಿಲ್ಲಿಸಿದರೆ ಮೊದಲ ದಿನಗಳಲ್ಲಿ ನಿದ್ದೆಗೇಡು, ವಾಕರಿಕೆ, ಬೆವರು. ಅದು ಕಾಯಿಲೆಯಲ್ಲ, ಬಿಟ್ಟದ್ದರ ಪರಿಣಾಮ. ಕಾಯಿಲೆ ಮರಳುವುದು ಸಾಮಾನ್ಯವಾಗಿ ತಡವಾಗಿ: ನಿದ್ದೆ ಮತ್ತೆ ಕೆಟ್ಟು, ಸ್ನಾನ ಬಿಟ್ಟು, ಪಕ್ಕದ ಮನೆಯವರ ಮೇಲೆ ಸಂಶಯ ಶುರು.

ಒಂದು ರಾತ್ರಿ ಮರೆತರೆ? ಬೆಳಗ್ಗೆ ನೆನಪಾದರೆ ಬಿಟ್ಟುಬಿಡಿ, ರಾತ್ರಿ ಎಂದಿನ ಡೋಸ್. ಎರಡು ಸೇರಿಸಿ ಎಂದಿಗೂ ಬೇಡ. ಕ್ಲೋಜಪಿನ್ ಮಾತ್ರ ಬೇರೆ: 48 ಗಂಟೆ ದಾಟಿದರೆ ಹಳೇ ಡೋಸ್ ನುಂಗಬಾರದು. 300 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದವರೂ ಡಾಕ್ಟರ ಕಣ್ಣೆದುರು 12.5ರಿಂದ ಮತ್ತೆ ಶುರು ಮಾಡಬೇಕು, ಇಲ್ಲವಾದರೆ ಬಿಪಿ ಕುಸಿತ, ಫಿಟ್ಸ್. ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೊರಟವರು ಡಬ್ಬಿಯನ್ನು ಲಗೇಜಿನಲ್ಲಲ್ಲ, ಕೈಚೀಲದಲ್ಲಿ ಇಟ್ಟುಕೊಳ್ಳಿ, ಐದು ದಿನ ಹೆಚ್ಚಿಗೆ.

ಡೊಂಬಿವಿಲಿ_ಅಕ್ಕ

ಡಿಮೆನ್ಷಿಯಾ ಇರುವ ಹಿರಿಯರಿಗೆ ಸಂಜೆಯಾದರೆ ಗಲಾಟೆ, ಅದಕ್ಕೂ ಇದೇ ಮಾತ್ರೆ ಕೊಡುತ್ತಾರಲ್ಲ. ಸುರಕ್ಷಿತವಾ?

ಪುಣೆ_ಮನೋವೈದ್ಯ

ಸುರಕ್ಷಿತ ಎನ್ನಲಾರೆ ಮೇಡಂ. ಎಫ್‌ಡಿಎ 2005ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ (ಅದರ ಅತಿ ಗಂಭೀರ ಎಚ್ಚರಿಕೆ) ಹಾಕಿತು: ಸುಮಾರು 10 ವಾರಗಳ ಪರೀಕ್ಷೆಗಳಲ್ಲಿ ಸತ್ತವರು ಔಷಧ ಪಡೆದವರಲ್ಲಿ 4.5 ಶೇಕಡಾ, ಪಡೆಯದವರಲ್ಲಿ 2.6. ಹೃದಯ, ನ್ಯುಮೋನಿಯಾ ಹೆಚ್ಚಿನ ಕಾರಣ. ಪಾರ್ಶ್ವವಾಯು, ಬಿದ್ದು ಸೊಂಟ ಮುರಿಯುವುದು ಬೇರೆ. ಹಾಗೆಂದು ಎಂದೂ ಕೊಡಬಾರದೆಂದಲ್ಲ. ಹೊಡೆಯುವುದು, ತಮಗೇ ಹಾನಿ ಮಾಡಿಕೊಳ್ಳುವುದು ಇದ್ದಾಗ ರಿಸ್ಪೆರಿಡೋನ್ 0.25ರಂಥ ಸಣ್ಣ ಡೋಸಿನಲ್ಲಿ, 6 ವಾರಕ್ಕೊಮ್ಮೆ ‘ಇನ್ನೂ ಬೇಕಾ’ ಎಂದು ಕೇಳುತ್ತಾ.

ಅದಕ್ಕೂ ಮೊದಲು ನೋಡಿ: ಮೂತ್ರದ ಸೋಂಕು, ಮಲ ಕಟ್ಟಿರುವುದು, ಹಲ್ಲುನೋವು, ಕಿವಿಯಂತ್ರದ ಬ್ಯಾಟರಿ. ಮಾತಿನಲ್ಲಿ ನೋವು ಹೇಳಲಾಗದವರು ಗಲಾಟೆಯಲ್ಲಿ ಹೇಳುತ್ತಾರೆ. ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣುತ್ತವೆ, ನಡಿಗೆ ನಿಧಾನ, ಒಂದು ದಿನ ಸರಿ ಇನ್ನೊಂದು ದಿನ ಮಂಕು ಎಂದಿದ್ದರೆ ಲೂಯಿ ಬಾಡಿ ಡಿಮೆನ್ಷಿಯಾ ಇರಬಹುದು. ಅವರಿಗೆ ಹ್ಯಾಲೊಪೆರಿಡಾಲ್ ಕೊಟ್ಟರೆ ಮರಗಟ್ಟಿ ಹಾಸಿಗೆ ಹಿಡಿಯುತ್ತಾರೆ.

ಭಾಂಡುಪ್_ಹುಡುಗ

ಒಪ್ಪದೇ ಇರುವವರಿಗೆ ಚಹಾದಲ್ಲಿ ಬೆರೆಸಿ ಕೊಡುವುದು? ಎಷ್ಟೋ ಮನೆಯಲ್ಲಿ ನಡೆಯುತ್ತೆ.

ಮಾಟುಂಗಾ_ಫಾರ್ಮಸಿ

ಔಷಧದ ದೃಷ್ಟಿಯಿಂದ ಮೊದಲು: ರಿಸ್ಪೆರಿಡೋನ್ ದ್ರಾವಣ ಚಹಾಕ್ಕೂ ಕೋಲಾಕ್ಕೂ ಹೊಂದುವುದಿಲ್ಲ ಎಂದು ಔಷಧದ ಡಬ್ಬಿಯೊಳಗಿನ ಮಾಹಿತಿ ಚೀಟಿಯಲ್ಲೇ ಇದೆ. ನೀರು, ಕಾಫಿ, ಕಿತ್ತಳೆ ರಸ, ಕೊಬ್ಬು ಕಡಿಮೆ ಇರುವ ಹಾಲು ಆಗುತ್ತದೆ. ಅರ್ಧ ಲೋಟ ಕುಡಿದು ಬಿಟ್ಟರೆ ಎಷ್ಟು ಹೋಯಿತೆಂದು ಯಾರಿಗೂ ತಿಳಿಯದು, ಉಳಿದದ್ದನ್ನು ಮನೆಯ ಮಗು ಕುಡಿದರೆ ಇನ್ನೂ ದೊಡ್ಡ ಅನಾಹುತ.

ಪುಣೆ_ಮನೋವೈದ್ಯ

ಗುಟ್ಟಾಗಿ ಕೊಟ್ಟರೆ ಅಡ್ಡಪರಿಣಾಮ ಬಂದಾಗ ರೋಗಿಗೆ ಕಾರಣವೇ ಗೊತ್ತಿರುವುದಿಲ್ಲ. ‘ಊಟದಲ್ಲಿ ಏನೋ ಹಾಕುತ್ತಿದ್ದಾರೆ’ ಎಂಬ ಸಂಶಯ ಇರುವವರಿಗೆ ಅದನ್ನು ನಾವೇ ನಿಜ ಮಾಡಿ ತೋರಿಸಿದ ಹಾಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಒಪ್ಪಿಗೆಯ ಮೇಲೆ ನಿಂತಿದೆ. ಚೆನ್ನಾಗಿರುವ ದಿನಗಳಲ್ಲಿ ಸೆಕ್ಷನ್ 5ರ ಪ್ರಕಾರ ಮುಂಗಡ ನಿರ್ದೇಶನ ಬರೆಸಿ: ಮುಂದೆ ಹದಗೆಟ್ಟರೆ ಯಾವ ಔಷಧ ಸರಿ, ಯಾವುದು ಬೇಡ. ಸೆಕ್ಷನ್ 14ರಲ್ಲಿ ತಮ್ಮ ಪ್ರತಿನಿಧಿಯನ್ನು ಅವರೇ ಆರಿಸಬಹುದು. ‘ಮಾತ್ರೆ ಬೇಡ’ ಎನ್ನುವವರನ್ನು ‘ಯಾಕೆ’ ಎಂದು ಕೇಳಿ; ದಪ್ಪಗಾಗುವುದು, ಗಂಡ-ಹೆಂಡಿರ ಸಂಬಂಧ ಕೆಡುವುದು, ಬೆಳಗ್ಗೆ ಏಳಲಾಗದಿರುವುದು ಎಂಬ ಉತ್ತರ ಬಂದರೆ ಮೂರಕ್ಕೂ ಔಷಧ ಬದಲಿಸುವ ದಾರಿ ಇದೆ.

ಕೋಥ್ರೂಡ್_ಸಿಸ್ಟರ್

ದಪ್ಪದ ಮಾತು ಬಂದದ್ದರಿಂದ. ಒಲಾಂಜಪಿನ್, ಕ್ಲೋಜಪಿನ್ ಎಲ್ಲಕ್ಕಿಂತ ಮುಂದೆ. ಶುರುವಿನಲ್ಲೇ ತೂಕ, ಸೊಂಟದಳತೆ, ಬಿಪಿ, ಖಾಲಿಹೊಟ್ಟೆ ಸಕ್ಕರೆ, ಕೊಲೆಸ್ಟ್ರಾಲ್ ಬರೆದಿಡಿ. ತೂಕ 4, 8, 12ನೇ ವಾರ, ಸಕ್ಕರೆ ಮತ್ತು ಕೊಬ್ಬು 12ನೇ ವಾರ, ಆಮೇಲೆ ವರ್ಷಕ್ಕೊಮ್ಮೆಯಾದರೂ. ನಮ್ಮ ಜನರಿಗೆ ಸೊಂಟದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಮೊದಲ ತಿಂಗಳಲ್ಲೇ ಮೈತೂಕದ 5 ಶೇಕಡಾ ಏರಿದರೆ ಕಾಯಬೇಡಿ, ಔಷಧ ಬದಲಿಸುವುದೋ ಮೆಟ್‌ಫಾರ್ಮಿನ್ ಸೇರಿಸುವುದೋ ಕೇಳಿ. ಸಕ್ಕರೆ ಕಾಯಿಲೆ ಇಲ್ಲದವರೂ ವಿಪರೀತ ದಾಹ, ಪದೇಪದೇ ಮೂತ್ರ, ವಾಂತಿ ಎಂದರೆ ಅಂದೇ ಗ್ಲುಕೋಸ್ ನೋಡಿ. ರಿಸ್ಪೆರಿಡೋನ್, ಅಮಿಸಲ್ಪ್ರೈಡ್‌ನವರಲ್ಲಿ ಮುಟ್ಟು ನಿಂತರೆ ಪ್ರೊಲ್ಯಾಕ್ಟಿನ್ ನೋಡಿಸಿ. ಗರ್ಭಿಣಿಯಾದೆನೆಂದು ತಿಳಿದ ದಿನ ಮಾತ್ರೆ ಎಸೆಯಬೇಡಿ, ಆ ವಾರವೇ ಡಾಕ್ಟರನ್ನು ಕಾಣಿ. ಜೊತೆಗೆ ವಾಲ್‌ಪ್ರೊಯೇಟ್ (ಫಿಟ್ಸ್, ಮೂಡ್ ಏರಿಳಿತದ ಔಷಧ) ನಡೆಯುತ್ತಿದ್ದರೆ ಮರುದಿನವೇ, ಮಗುವಿಗೆ ಹೆಚ್ಚು ಅಪಾಯ ಅದರಿಂದ.

ವಾಸ್ಕೋ_ಮಂದಿ

ಇಷ್ಟೆಲ್ಲಾ ಕೇಳಾಕ ನಮ್ಮ ಮಂದಿಗೆ ಕೊಂಕಣಿ, ಮರಾಠಿ ಬರಂಗಿಲ್ರಿ. ಕನ್ನಡದಾಗ ಕೇಳಬೇಕಂದ್ರ?

ಕೋಥ್ರೂಡ್_ಸಿಸ್ಟರ್

14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, 24 ಗಂಟೆ, ಭಾಷೆ ಆರಿಸುವಾಗ ಕನ್ನಡ ಇದೆ. ನೇರ ಹೋಗುವುದಾದರೆ ಗೋವಾದಲ್ಲಿ ಬಾಂಬೋಳಿಯ ಐಪಿಎಚ್‌ಬಿ (ಸರ್ಕಾರಿ ಮನೋರೋಗ ಆಸ್ಪತ್ರೆ), ಪುಣೆಯಲ್ಲಿ ಸಸೂನ್ ಮತ್ತು ಯೆರವಡಾ ಮನೋರುಗ್ಣಾಲಯ, ಮುಂಬೈ ಕಡೆ ಕೆಇಎಂ, ಸಾಯನ್, ನಾಯರ್, ಥಾಣೆ ಮನೋರುಗ್ಣಾಲಯ. ಕೆಲವು ಔಷಧ ಜನೌಷಧಿ ಕೇಂದ್ರದಲ್ಲೂ ಕಡಿಮೆ ಬೆಲೆಗೆ ಸಿಗುತ್ತವೆ, ಔಷಧದ ಹೆಸರು ಹೇಳಿ ಕೇಳಿ, ಬ್ರ್ಯಾಂಡ್ ಹೇಳಿದರೆ ಸಿಗುವುದಿಲ್ಲ.

ಮಾಟುಂಗಾ_ಫಾರ್ಮಸಿ

ಒಂದು ಚೀಟಿ ಮಾಡಿ ಪಾಕೀಟಿನಲ್ಲಿ ಇಡಿ ಅಣ್ಣಾ. ಔಷಧದ ಹೆಸರು, ಮಿಲಿಗ್ರಾಂ, ಯಾವ ಹೊತ್ತು, ಕೊನೆಯ ಇಂಜೆಕ್ಷನ್ ತಾರೀಖು, ಕೊನೆಯ ಎಎನ್‌ಸಿ, ಆಗದಿರುವ ಔಷಧ, ಡಾಕ್ಟರ ನಂಬರ್. ಔಷಧದ ಹೆಸರು ಮಾತ್ರ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಉಳಿದದ್ದು ಮರಾಠಿಯಲ್ಲಿ ಬರೆಸಿ, ಕ್ಯಾಶುವಲ್ಟಿಯಲ್ಲಿ ರಾತ್ರಿ ಇರುವವರಿಗೆ ಕನ್ನಡ ಓದಲು ಬರುವುದಿಲ್ಲ. ಕಾಯಿಲೆಯ ಹೆಸರು ಬರೆಯಲು ಮುಜುಗರವಾದರೆ ಬಿಡಿ, ಔಷಧದ ಹೆಸರು ನೋಡಿದರೆ ಡಾಕ್ಟರಿಗೆ ಗೊತ್ತಾಗುತ್ತದೆ.

ವಾಸ್ಕೋ_ಮಂದಿ

ಆತ್ರಿ. ಈ ಐತಾರ ಬೈನಾದಾಗ ಹತ್ತು ಮಂದೀದು ಬರಸ್ತೀವಿ. ಡೋಸ್ ಬದಲಾದ್ರ ಹಳೇದು ಹರದು ಹೊಸಾದು ಬರೀಬೇಕಲ್ರಿ?

ಮಾಟುಂಗಾ_ಫಾರ್ಮಸಿ

ಹೌದು, ಮೇಲೆ ಬರೆದ ತಾರೀಖು ಸಮೇತ. ಗೀಚಿ ತಿದ್ದಿದ 5 ಕತ್ತಲಲ್ಲಿ 15 ಆಗಿ ಕಾಣುತ್ತದೆ.